ಪದವಿ ಮೂರು ವರ್ಷವೋ ನಾಲ್ಕೋ: ನಿಮ್ಮ ಮಾರ್ಕ್ಸ್ ಕಾರ್ಡ್ ಯಾವ ಹಂತದಲ್ಲಿ ನಿಂತಿದೆ?

ಪರೀಕ್ಷಾಂಗ_ಮೈಸೂರು

ಆರನೇ ಸೆಮಿಸ್ಟರ್ ಫಲಿತಾಂಶ ಬಂದ ಕೂಡಲೇ ಎಲ್ಲ ಗುಂಪುಗಳಲ್ಲೂ ಅದೇ ಪ್ರಶ್ನೆಗಳು ಶುರು. ನಾಲ್ಕನೇ ವರ್ಷ ಓದಬೇಕಾ? ಇಲ್ಲಿಗೇ ನಿಲ್ಲಿಸಿ ಎಂಎ, ಎಂಎಸ್ಸಿಗೆ ಹೋಗಬಹುದಾ? ಹೋದರೆ ಅದು ಒಂದು ವರ್ಷದ್ದಾ, ಎರಡು ವರ್ಷದ್ದಾ? ಎಲ್ಲರಿಗೂ ಒಂದೇ ಉತ್ತರ ಇಲ್ಲ. ಮೊದಲು ನೋಡಬೇಕಾದ್ದು ನೀವು ಪದವಿಗೆ ಸೇರಿದ ವರ್ಷ.

ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಪಠ್ಯಕ್ರಮ ಬಂದದ್ದು 2021-22ರಲ್ಲಿ, ದೇಶದಲ್ಲೇ ಮೊದಲು. 2021-22, 2022-23, 2023-24ರಲ್ಲಿ ಸೇರಿದ ಮೂರು ಬ್ಯಾಚಿನವರು ಎನ್‌ಇಪಿಯವರು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಆಧರಿಸಿ ಸರ್ಕಾರ 2024ರ ಮೇ ತಿಂಗಳಲ್ಲಿ ಆದೇಶ ಹೊರಡಿಸಿತು. ಹಾಗಾಗಿ 2024-25ರಿಂದ ರಾಜ್ಯದ ವಿವಿಗಳಲ್ಲಿ ಸೇರಿದವರಿಗೆ ಮತ್ತೆ ಮೂರು ವರ್ಷದ ಪದವಿ. ಇವರನ್ನು ಎಸ್‌ಇಪಿ ಬ್ಯಾಚ್ ಅನ್ನುತ್ತೇವೆ. ಎನ್‌ಇಪಿ ಬ್ಯಾಚಿನವರಿಗೆ ನಾಲ್ಕನೇ ವರ್ಷದ ಆನರ್ಸ್ ಐಚ್ಛಿಕವಾಗಿ ಉಳಿಯಿತು. ಬೇಕಾದವರು ಓದಬಹುದು, ಬೇಡವಾದವರು ಮೂರು ವರ್ಷಕ್ಕೆ ಪದವಿ ತೆಗೆದುಕೊಂಡು ಹೋಗಬಹುದು.

ಇನ್ನು ಹಂತಗಳ ವಿಷಯ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅರ್ಹತಾ ಚೌಕಟ್ಟಿನಲ್ಲಿ ಪದವಿಯ ಮೊದಲ ವರ್ಷ ಮುಗಿದರೆ 4.5ನೇ ಹಂತ, ಎರಡನೇ ವರ್ಷಕ್ಕೆ 5, ಮೂರು ವರ್ಷದ ಪದವಿಗೆ 5.5, ನಾಲ್ಕು ವರ್ಷದ ಆನರ್ಸ್‌ಗೆ 6. ಮೂರು ವರ್ಷದ ಪದವಿಯ ಮೇಲೆ ಎರಡು ವರ್ಷ ಎಂಎ ಮಾಡಿದರೆ 6.5. ನಾಲ್ಕು ವರ್ಷದ ಆನರ್ಸ್ ಮೇಲೆ ಒಂದು ವರ್ಷದ ಎಂಎ ಮಾಡಿದರೂ 6.5. ಬಿಇ ಆದಮೇಲಿನ ಎಂಟೆಕ್ 7, ಪಿಎಚ್‌ಡಿ 8.

ಅಂದರೆ 3+2 ಆದರೂ 4+1 ಆದರೂ ತಲುಪುವ ಜಾಗ ಒಂದೇ, ಹಿಡಿಯುವ ಕಾಲವೂ ಐದೇ ವರ್ಷ. ತೊಂದರೆ ಬರುವುದು ದಾರಿ ತಪ್ಪಿ 4+2 ಆದಾಗ. ಅದರ ಬಗ್ಗೆ ಕೆಳಗೆ ಮಾತಾಡೋಣ.

ತುಮಕೂರು_ಬಿಎಸ್ಸಿ

ಸರ್, 4+2 ಯಾಕಾಗುತ್ತದೆ? ಆನರ್ಸ್ ಮಾಡಿದವರಿಗೆ ಒಂದೇ ವರ್ಷ ಅಂತ ನಿಯಮದಲ್ಲೇ ಇದೆಯಲ್ಲ?

ಪರೀಕ್ಷಾಂಗ_ಮೈಸೂರು

ನಿಯಮ ಇದೆ, ಆದರೆ ಆ ಕೋರ್ಸು ನಡೆಸಲೇಬೇಕು ಎಂಬ ಕಡ್ಡಾಯ ಯಾವ ವಿವಿಗೂ ಇಲ್ಲ. ಯುಜಿಸಿ 2024ರಲ್ಲಿ ಹೊರಡಿಸಿದ ಸ್ನಾತಕೋತ್ತರ ಚೌಕಟ್ಟು ಒಂದು ವರ್ಷದ ಎಂಎಗೆ ಅವಕಾಶ ಕೊಟ್ಟಿದೆ, ಅಷ್ಟೆ. ನಿಮ್ಮ ವಿಷಯದಲ್ಲಿ, ನಿಮಗೆ ಬೇಕಾದ ವಿವಿಯಲ್ಲಿ ಆ ಕೋರ್ಸಿಗೆ ಪ್ರವೇಶ ಅಧಿಸೂಚನೆ ಹೊರಟಿದೆಯೇ ಅನ್ನೋದು ಬೇರೆ ಪ್ರಶ್ನೆ. ಅಲ್ಲಿ ಎರಡು ವರ್ಷದ ಎಂಎಸ್ಸಿ ಮಾತ್ರ ಇದ್ದು, ಎರಡನೇ ವರ್ಷಕ್ಕೆ ನೇರ ಪ್ರವೇಶವನ್ನೂ ಕೊಡದಿದ್ದರೆ ಆನರ್ಸ್ ಮಾಡಿದವರೂ ಮೊದಲ ವರ್ಷದಿಂದಲೇ ಕೂರಬೇಕಾಗುತ್ತದೆ. ಅಲ್ಲಿಗೆ ಆರು ವರ್ಷ.

ಆದ್ದರಿಂದ ಏಳನೇ ಸೆಮಿಸ್ಟರ್‌ಗೆ ಶುಲ್ಕ ಕಟ್ಟುವ ಮೊದಲೇ ಎರಡು ವಿಷಯ ವಿಚಾರಿಸಿ. ನಿಮ್ಮ ವಿಷಯದಲ್ಲಿ ಒಂದು ವರ್ಷದ ಸ್ನಾತಕೋತ್ತರ ಕೋರ್ಸು ಯಾವ ವಿವಿಗಳ ಪ್ರಾಸ್ಪೆಕ್ಟಸ್‌ನಲ್ಲಿದೆ? ಇಲ್ಲದಿದ್ದರೆ ಮೂರನೇ ಸೆಮಿಸ್ಟರ್‌ಗೆ ನೇರ ಪ್ರವೇಶ ಕೊಡುತ್ತಾರಾ? ಉತ್ತರವನ್ನು ವಿಭಾಗದ ಬಾಗಿಲಲ್ಲಿ ಬಾಯಿಮಾತಿನಲ್ಲಿ ಕೇಳಿಕೊಂಡು ಬರಬೇಡಿ. ಇಮೇಲ್‌ನಲ್ಲಿ ಕೇಳಿ, ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಉಪನ್ಯಾಸಕಿ_ಹಾಸನ

ಇದಕ್ಕೆ ಒಂದು ಮಾತು ಸೇರಿಸಬೇಕು. ನಾಲ್ಕನೇ ವರ್ಷದಲ್ಲಿ ಎರಡು ಬಗೆ ಇದೆ. ಒಂದು ಬರೀ ಆನರ್ಸ್, ಇನ್ನೊಂದು ಸಂಶೋಧನೆ ಸಹಿತ ಆನರ್ಸ್. ಎರಡಕ್ಕೂ ಯುಜಿಸಿ ಲೆಕ್ಕದಲ್ಲಿ ಒಟ್ಟು 160 ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಘಟಕ). ಮೂರು ವರ್ಷಕ್ಕೆ 120, ನಾಲ್ಕನೇ ವರ್ಷಕ್ಕೆ 40. ಸಂಶೋಧನೆಯವರು ಆ 40ರಲ್ಲಿ 12 ಕ್ರೆಡಿಟ್‌ನ ಸಂಶೋಧನಾ ಯೋಜನೆ ಮಾಡಿ ಪ್ರಬಂಧ ಒಪ್ಪಿಸಬೇಕು. ಬರೀ ಆನರ್ಸ್‌ನವರು ಅದೇ 12 ಕ್ರೆಡಿಟ್‌ಗೆ ಮೂರು ಪೇಪರ್ ಓದುತ್ತಾರೆ.

ಸಂಶೋಧನೆ ಸಹಿತ ಆನರ್ಸ್‌ಗೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ 75% ಇರಬೇಕು. ಆರನೆಯದೂ ಲೆಕ್ಕಕ್ಕೆ ಬರುತ್ತದೆ. ಐದು ಸೆಮಿಸ್ಟರ್‌ಗೆ 76% ಇದೆ ಎಂದು ನೆಮ್ಮದಿಯಾಗಿದ್ದು, ಆರನೆಯದರಲ್ಲಿ ಜಾರಿ 74.6ಕ್ಕೆ ಬಂದರೆ ಅರ್ಹತೆ ಹೋಯಿತು. ವಿಭಾಗಕ್ಕೂ ಷರತ್ತಿದೆ. ಪಿಎಚ್‌ಡಿ ಮಾರ್ಗದರ್ಶಕರಾಗಿ ಮಾನ್ಯತೆ ಪಡೆದ ಇಬ್ಬರಾದರೂ ಕಾಯಂ ಅಧ್ಯಾಪಕರು ಬೇಕು. ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುವ ಎಷ್ಟೋ ಕಾಲೇಜುಗಳಲ್ಲಿ ಈ ಷರತ್ತೇ ಪೂರೈಸುವುದಿಲ್ಲ. ಅಂಕ ಇದ್ದರೂ ಮಕ್ಕಳಿಗೆ ಅಲ್ಲಿ ಈ ಆಯ್ಕೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ನೋವು ಕೊಡುವ ವಿಚಾರ ಇದು. ತಾಲ್ಲೂಕು ಕೇಂದ್ರದ ಹುಡುಗಿಯೊಬ್ಬಳು 80% ತೆಗೆದರೂ ನಾಲ್ಕನೇ ವರ್ಷಕ್ಕೆ ಊರು ಬಿಟ್ಟೇ ಹೋಗಬೇಕು.

ಕ್ರೆಡಿಟ್‌ಲೆಕ್ಕ

ಮೇಡಂ ಹೇಳಿದ 75% ವಿಚಾರದಲ್ಲಿ ಇನ್ನೊಂದು ಗೊಂದಲ ಇದೆ, ಬಿಡಿಸಿ ಹೇಳುತ್ತೇನೆ. ಪಿಎಚ್‌ಡಿಗೂ 75% ಅನ್ನುತ್ತಾರಲ್ಲ, ಅದು ಬೇರೆ.

ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯ ಪ್ರಕಾರ ನಾಲ್ಕು ವರ್ಷದ ಪದವಿಯಿಂದ ನೇರವಾಗಿ ಪಿಎಚ್‌ಡಿಗೆ ಹೋಗಲು ಪದವಿಯ ಒಟ್ಟಾರೆ ಅಂಕ 75% ಇರಬೇಕು, ಅಂದರೆ ಎಂಟೂ ಸೆಮಿಸ್ಟರ್ ಸೇರಿ. ಆರು ಸೆಮಿಸ್ಟರ್‌ಗೆ 75.5 ಇದ್ದು ಸಂಶೋಧನೆ ಸಹಿತ ಆನರ್ಸ್‌ಗೆ ಸೇರಿ, ಏಳು ಎಂಟರಲ್ಲಿ 70ಕ್ಕೆ ಇಳಿದರೆ ಆನರ್ಸ್ ಪದವಿ ಬರುತ್ತದೆ, ಪಿಎಚ್‌ಡಿಯ ನೇರ ಬಾಗಿಲು ಮುಚ್ಚುತ್ತದೆ. ಆಗ ಎಂಎ ಮಾಡಿ 55%ರ ದಾರಿಯಲ್ಲಿ ಬರಬೇಕು. ಎಸ್‌ಸಿ, ಎಸ್‌ಟಿ, ಕೆನೆಪದರದ ಹೊರಗಿನ ಒಬಿಸಿ, ಅಂಗವಿಕಲರು, ಇಡಬ್ಲ್ಯೂಎಸ್ ಇವರಿಗೆ ಎರಡೂ ಕಡೆ 5% ರಿಯಾಯಿತಿ.

ರಾಷ್ಟ್ರೀಯ ಅರ್ಹತಾ ಪರೀಕ್ಷೆ ಎನ್‌ಇಟಿಯದೂ ಹೀಗೇ. 2024ರ ಜೂನ್ ಪರೀಕ್ಷೆಯಿಂದ ನಾಲ್ಕು ವರ್ಷದ ಪದವೀಧರರಿಗೆ 75% ಇದ್ದರೆ ಎನ್‌ಇಟಿ ಬರೆಯಲು ಅವಕಾಶ ಇದೆ. ಪದವಿಯಲ್ಲಿ ಓದಿದ ವಿಷಯದಲ್ಲೇ ಬರೆಯಬೇಕು ಅಂತಿಲ್ಲ, ಪಿಎಚ್‌ಡಿ ಮಾಡಬೇಕೆಂದಿರುವ ವಿಷಯದಲ್ಲಿ ಬರೆಯಬಹುದು. ಆದರೆ ಸಿಗುವುದು ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಮತ್ತು ಪಿಎಚ್‌ಡಿ ಪ್ರವೇಶದ ಅರ್ಹತೆ ಮಾತ್ರ. ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆ ಸಿಗುವುದಿಲ್ಲ, ಅದಕ್ಕೆ ಸ್ನಾತಕೋತ್ತರ ಪದವಿಯೇ ಬೇಕು. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವ ಗುರಿ ಇರುವವರು ಆನರ್ಸ್ ಮುಗಿಸಿ ಎನ್‌ಇಟಿ ಬರೆದರೆ ಸಾಕು ಅಂದುಕೊಳ್ಳಬೇಡಿ. ರಾಜ್ಯದ ಅರ್ಹತಾ ಪರೀಕ್ಷೆ ಕೆಸೆಟ್‌ಗೂ ಎಂಎ, ಎಂಎಸ್ಸಿ, ಎಂಕಾಂ ಬೇಕೇ ಬೇಕು.

ಬಿಕಾಂ_ಹುಬ್ಬಳ್ಳಿ

ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗೆ ಆನರ್ಸ್ ಬೇಕಾ?

ಕ್ರೆಡಿಟ್‌ಲೆಕ್ಕ

ಬೇಡ. ಪದವಿ ಅಂತ ಮಾತ್ರ ಕೇಳುವ ಹುದ್ದೆಗಳಿಗೆ ಮೂರು ವರ್ಷದ್ದೇ ಸಾಕು. ಯುಪಿಎಸ್‌ಸಿಗೂ ಅಷ್ಟೆ.

ಪರೀಕ್ಷಾಂಗ_ಮೈಸೂರು

ಪೇಪರ್ ಕೋಡ್ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ವಿವಿ ಬದಲಿಸುವಾಗ ಅದೇ ಮುಖ್ಯವಾಗುತ್ತದೆ. ಯುಜಿಸಿಯ 2022ರ ಪದವಿ ಚೌಕಟ್ಟಿನಲ್ಲಿ ಕೋರ್ಸುಗಳಿಗೂ ಹಂತದ ಸಂಖ್ಯೆ ಇದೆ. 100ರಿಂದ 199 ಪ್ರಾಥಮಿಕ, 200ರಿಂದ 299 ಮಧ್ಯಮ, 300ರಿಂದ 399 ಉನ್ನತ, 400ರಿಂದ 499 ನಾಲ್ಕನೇ ವರ್ಷದ ಮುಂದುವರಿದ ಕೋರ್ಸುಗಳು. 500ರ ಸರಣಿ ಎರಡು ವರ್ಷದ ಸ್ನಾತಕೋತ್ತರದ ಮೊದಲ ವರ್ಷಕ್ಕೆ, 600ರದ್ದು ಎರಡನೇ ವರ್ಷಕ್ಕೆ ಅಥವಾ ಒಂದು ವರ್ಷದ ಸ್ನಾತಕೋತ್ತರಕ್ಕೆ. 700 ದಾಟಿದ್ದು ಪಿಎಚ್‌ಡಿಗೆ.

ಕೆಲಸಕ್ಕೆ ಬರುವುದು ಹೀಗೆ: ಬೇರೆ ಕಡೆ ನಾಲ್ಕನೇ ವರ್ಷಕ್ಕೆ ಸೇರಲು ಹೋದಾಗ ಅವರು ಒಟ್ಟು ಕ್ರೆಡಿಟ್ ಮಾತ್ರ ನೋಡುವುದಿಲ್ಲ. ಮುಖ್ಯ ವಿಷಯದಲ್ಲಿ ಎಷ್ಟು ಕ್ರೆಡಿಟ್ ಇದೆ, ಅವು ಯಾವ ಹಂತದ್ದು ಅಂತಲೂ ನೋಡುತ್ತಾರೆ. ಯುಜಿಸಿ ಲೆಕ್ಕದಲ್ಲಿ ಮೂರು ವರ್ಷಕ್ಕೆ ಮುಖ್ಯ ವಿಷಯದಲ್ಲಿ ಕನಿಷ್ಠ 60 ಕ್ರೆಡಿಟ್, ನಾಲ್ಕು ವರ್ಷಕ್ಕೆ 80. ಮೈನರ್‌ಗೆ, ಅಂದರೆ ಉಪ ವಿಷಯಕ್ಕೆ, 24 ಮತ್ತು 32. ಒಟ್ಟು 140 ಕ್ರೆಡಿಟ್ ಇದ್ದರೂ ಮುಖ್ಯ ವಿಷಯದಲ್ಲಿ 48 ಮಾತ್ರ ಇದ್ದರೆ ಅರ್ಜಿ ನಿಲ್ಲುತ್ತದೆ.

ಧಾರವಾಡ_ಬಿಎ

ಎಸ್‌ಇಪಿ ಬ್ಯಾಚಿನವರು ಮೂರು ವರ್ಷ ಮುಗಿಸಿ ಕೇಂದ್ರೀಯ ವಿವಿಯಲ್ಲೋ ಖಾಸಗಿ ವಿವಿಯಲ್ಲೋ ನಾಲ್ಕನೇ ವರ್ಷಕ್ಕೆ ಸೇರಬಹುದಾ ಹಾಗಾದರೆ?

ಪರೀಕ್ಷಾಂಗ_ಮೈಸೂರು

ಅಡಚಣೆ ಬರುವುದೇ ಮೇಲೆ ಹೇಳಿದ ಲೆಕ್ಕದಲ್ಲಿ. ಎಸ್‌ಇಪಿಯಲ್ಲಿ ಬಿಎ, ಬಿಎಸ್ಸಿಗೆ ಮೂರು ವಿಷಯಕ್ಕೂ ಸಮಾನ ತೂಕ ಕೊಡುವ ಕ್ರಮ ಮರಳಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರನ್ನೂ ಸರಿಸಮ ಓದಿದಾಗ ಒಂದೊಂದು ವಿಷಯದ ಪಾಲಿಗೆ ಬರುವ ಕ್ರೆಡಿಟ್ ಕಡಿಮೆಯೇ. 60 ಮುಟ್ಟುವುದು ಕಷ್ಟ. ಸೇರಿಸಿಕೊಳ್ಳುವ ವಿವಿ ಕೊರತೆ ತುಂಬುವ ಬ್ರಿಡ್ಜ್ ಕೋರ್ಸ್ ಕೇಳಬಹುದು, ಇಲ್ಲವೇ ಬೇಡ ಅನ್ನಬಹುದು. ಈ ತೀರ್ಮಾನ ಅವರ ಅಕಾಡೆಮಿಕ್ ಕೌನ್ಸಿಲ್‌ನದು. ಎಸ್‌ಇಪಿ ಬ್ಯಾಚಿನವರಿಗೆ ಸರಾಗವಾದ ದಾರಿ ಎರಡು ವರ್ಷದ ಎಂಎ. ಮೂರು ವಿಷಯ ಓದಿರುವುದರಿಂದ ಮೂರರಲ್ಲಿ ಯಾವುದಕ್ಕೂ ಅರ್ಜಿ ಹಾಕಬಹುದು ಅನ್ನೋ ಅನುಕೂಲ ಅವರಿಗಿದೆ. ಒಂದೇ ಮೇಜರ್ ಹಿಡಿದು ಓದಿದ ಎನ್‌ಇಪಿಯವರಿಗೆ ಅಷ್ಟು ಅಗಲದ ಆಯ್ಕೆ ಇಲ್ಲ.

ಬಿಸಿಎ_ಶಿವಮೊಗ್ಗ

ಎಸ್‌ಜಿಪಿಎ (ಒಂದು ಸೆಮಿಸ್ಟರ್‌ನ ಗ್ರೇಡ್ ಸರಾಸರಿ) ಲೆಕ್ಕ ಯಾರಾದರೂ ಉದಾಹರಣೆ ಕೊಟ್ಟು ಹೇಳಿ. ಒಂದು ಪೇಪರ್ ಹೋದರೆ ಇಡೀ ಸೆಮಿಸ್ಟರ್ ಯಾಕೆ ಅಷ್ಟು ಕುಸಿಯುತ್ತದೆ?

ಕ್ರೆಡಿಟ್‌ಲೆಕ್ಕ

ಯುಜಿಸಿಯ ಹತ್ತು ಅಂಕದ ಪದ್ಧತಿಯಲ್ಲಿ ಒ 10, ಎ+ 9, ಎ 8, ಬಿ+ 7, ಬಿ 6, ಸಿ 5, ಪಿ 4, ಎಫ್ 0. ಗೈರುಹಾಜರಿಗೂ 0.

ಒಂದು ಸೆಮಿಸ್ಟರ್‌ನಲ್ಲಿ ಆರು ಪೇಪರ್, ಕ್ರೆಡಿಟ್ 4, 4, 4, 3, 2, 3 ಅಂತ ಇಟ್ಟುಕೊಳ್ಳಿ. ಒಟ್ಟು 20. ಬಂದ ಗ್ರೇಡ್ ಪಾಯಿಂಟ್ ಕ್ರಮವಾಗಿ 8, 7, 9, 6, 10, ಕೊನೆಯದು ಎಫ್ ಆಗಿ 0. ಕ್ರೆಡಿಟ್‌ನಿಂದ ಗುಣಿಸಿದರೆ 32, 28, 36, 18, 20, 0. ಕೂಡಿದರೆ 134. ಅದನ್ನು 20ರಿಂದ ಭಾಗಿಸಿದರೆ 6.70. ಗಮನಿಸಿ, ಫೇಲಾದ ಪೇಪರ್ ಮೇಲಿನ ಲೆಕ್ಕಕ್ಕೆ ಏನೂ ಕೊಡುವುದಿಲ್ಲ, ಆದರೆ ಅದರ 3 ಕ್ರೆಡಿಟ್ ಕೆಳಗಿನ ಭಾಜಕದಲ್ಲಿ ಇದ್ದೇ ಇರುತ್ತದೆ. ಕುಸಿತಕ್ಕೆ ಕಾರಣ ಇದೇ. ಮುಂದಿನ ಬಾರಿ ಆ ಪೇಪರನ್ನು ಬರೀ ಪಿ ಗ್ರೇಡ್‌ನಲ್ಲಿ ಪಾಸು ಮಾಡಿದರೂ 12 ಸೇರಿ 146 ಆಗುತ್ತದೆ, ಎಸ್‌ಜಿಪಿಎ 7.30.

ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ, ಮಾಡುವಾಗ ಹೆಚ್ಚಿನವರು ಎಡವುವುದು ಎಸ್‌ಜಿಪಿಎಗಳ ಸರಾಸರಿ ತೆಗೆದು. ಮೊದಲ ಸೆಮಿಸ್ಟರ್ 20 ಕ್ರೆಡಿಟ್‌ಗೆ 6.70, ಎರಡನೆಯದು 24 ಕ್ರೆಡಿಟ್‌ಗೆ 8.00 ಇದ್ದರೆ ಸರಾಸರಿ 7.35 ಅಲ್ಲ. 134ಕ್ಕೆ 192 ಕೂಡಿ 326, ಅದನ್ನು 44ರಿಂದ ಭಾಗಿಸಿ 7.41. ಹೆಚ್ಚು ಕ್ರೆಡಿಟ್ ಇರುವ ಸೆಮಿಸ್ಟರ್‌ಗೆ ಹೆಚ್ಚು ತೂಕ.

ಕೆಲವು ವಿವಿಗಳಲ್ಲಿ ಗ್ರೇಡ್ ಪಾಯಿಂಟ್ ಪೂರ್ಣಾಂಕ ಆಗಿರುವುದಿಲ್ಲ. 67 ಅಂಕಕ್ಕೆ 7 ಕೊಡುವ ಬದಲು 6.7 ಅಂತಲೇ ಹಾಕುತ್ತಾರೆ. ನಿಮ್ಮ ಮಾರ್ಕ್ಸ್ ಕಾರ್ಡ್‌ನ ಹಿಂಬದಿಯಲ್ಲಿ ಕೋಷ್ಟಕ ಇರುತ್ತದೆ, ಅದರ ಪ್ರಕಾರವೇ ಲೆಕ್ಕ ಹಾಕಿ. ಸಿಜಿಪಿಎಯನ್ನು ಶೇಕಡಾಕ್ಕೆ ತಿರುಗಿಸುವ ಸೂತ್ರವೂ ವಿವಿಯಿಂದ ವಿವಿಗೆ ಬೇರೆ. 75% ಇದೆಯೋ ಇಲ್ಲವೋ ಎಂಬಂಥ ಕಡೆ ಅಂತರ್ಜಾಲದ ಕ್ಯಾಲ್ಕುಲೇಟರ್ ನಂಬಿ ಅರ್ಜಿಯಲ್ಲಿ ಬರೆಯಬೇಡಿ. ಪರೀಕ್ಷಾಂಗದಿಂದ ಪರಿವರ್ತನಾ ಪ್ರಮಾಣಪತ್ರ ತೆಗೆದುಕೊಳ್ಳಿ.

ಬಿಸಿಎ_ಶಿವಮೊಗ್ಗ

ತುಂಬಾ ಉಪಕಾರ ಆಯ್ತು ಸರ್.

ಉಪನ್ಯಾಸಕಿ_ಹಾಸನ

ಬ್ಯಾಕ್‌ಲಾಗ್ ಇರುವವರಿಗೆ ಒಂದು ಎಚ್ಚರಿಕೆ. ಪಠ್ಯಕ್ರಮ ಬದಲಾದ ಮೇಲೆ ಹಳೆಯ ಪೇಪರ್ ಉಳಿಸಿಕೊಂಡವರು ತಾವು ಸೇರಿದ ಸ್ಕೀಮಿನಲ್ಲೇ ಬರೆಯಬೇಕು. ಎನ್‌ಇಪಿಯವರ ಉಳಿದ ಪೇಪರನ್ನು ಎಸ್‌ಇಪಿಯ ಪ್ರಶ್ನೆಪತ್ರಿಕೆಯಲ್ಲಿ ಬರೆಯುವಂತಿಲ್ಲ. ಎನ್‌ಇಪಿಯಲ್ಲಿ ಆಂತರಿಕ 40, ಸೆಮಿಸ್ಟರ್ ಪರೀಕ್ಷೆ 60 ಅಂತ ಹಂಚಿಕೆ ಇತ್ತು. ಹೊಸದರ ಹಂಚಿಕೆ ಬೇರೆ, ಪ್ರಶ್ನೆಗಳ ಮಾದರಿಯೂ ಬೇರೆ. ಪರೀಕ್ಷಾ ಅರ್ಜಿ ಹಾಕುವಾಗ ಪೇಪರ್ ಹೆಸರು ನೋಡಿ ಟಿಕ್ ಮಾಡಬೇಡಿ, ಕ್ಯೂಪಿ (ಪ್ರಶ್ನೆಪತ್ರಿಕೆ) ಕೋಡ್ ತಾಳೆ ನೋಡಿ. ‘ವ್ಯವಹಾರ ಗಣಿತ’ ಅನ್ನೋ ಹೆಸರು ಎರಡೂ ಸ್ಕೀಮಿನಲ್ಲಿ ಇರಬಹುದು, ಕೋಡ್ ಒಂದೇ ಇರುವುದಿಲ್ಲ. ತಪ್ಪು ಕೋಡ್‌ಗೆ ಕಟ್ಟಿದ ಶುಲ್ಕ ಹೋದರೆ ಹೋಗಲಿ, ಆ ಅವಕಾಶ ಮತ್ತೆ ಬರಲು ಆರು ತಿಂಗಳೋ ಒಂದು ವರ್ಷವೋ ಕಾಯಬೇಕು.

ಹಳೆಯ ಸ್ಕೀಮಿನ ಪರೀಕ್ಷೆಯನ್ನು ವಿವಿ ಎಂದೆಂದಿಗೂ ನಡೆಸುವುದಿಲ್ಲ. ಸಾಮಾನ್ಯ ಕ್ರಮ ಏನೆಂದರೆ ಕೋರ್ಸಿನ ಅವಧಿಯ ಮೇಲೆ ಎರಡು ವರ್ಷ, ವಿಶೇಷ ಕಾರಣವಿದ್ದರೆ ಇನ್ನೊಂದು. ಯುಜಿಸಿ 2015ರಲ್ಲಿ ಸೂಚಿಸಿದ್ದು ಹಾಗೆ. ಬಹುಹಂತದ ಪ್ರವೇಶ ನಿರ್ಗಮನ ಇರುವ ಹೊಸ ಚೌಕಟ್ಟಿನಲ್ಲಿ ಗರಿಷ್ಠ ಏಳು ವರ್ಷ. ನಿಮಗೆ ಯಾವುದು ಅನ್ವಯ ಅಂತ ನೀವು ಸೇರಿದ ವರ್ಷದ ರೆಗ್ಯುಲೇಷನ್‌ನಲ್ಲಿ ಬರೆದಿರುತ್ತದೆ. ಕಾಲೇಜಿನ ನೋಟಿಸ್ ಬೋರ್ಡ್ ನೋಡಿ ತೀರ್ಮಾನ ಮಾಡಬೇಡಿ, ಅಲ್ಲಿ ಹೆಚ್ಚಾಗಿ ಹೊಸ ಬ್ಯಾಚಿನ ಸುತ್ತೋಲೆಯೇ ಅಂಟಿಸಿರುತ್ತಾರೆ.

ತುಮಕೂರು_ಬಿಎಸ್ಸಿ

ಒಂದು ವರ್ಷಕ್ಕೆ ಬಿಟ್ಟವರಿಗೆ ಸರ್ಟಿಫಿಕೇಟ್ ಕೊಡುತ್ತಾರೆ ಅಂತಾರಲ್ಲ, ಅದು ತಾನಾಗಿಯೇ ಬರುತ್ತದಾ?

ಪರೀಕ್ಷಾಂಗ_ಮೈಸೂರು

ತಾನಾಗಿಯೇ ಬರುವುದಿಲ್ಲ. ಇದರಲ್ಲಿ ಎಷ್ಟೋ ಜನ ಮೋಸಹೋಗಿದ್ದಾರೆ.

ಯುಜಿಸಿ ಚೌಕಟ್ಟಿನಲ್ಲಿ ಒಂದು ವರ್ಷಕ್ಕೆ ಹೊರಬಿದ್ದು ಸರ್ಟಿಫಿಕೇಟ್ ಬೇಕೆಂದರೆ 40 ಕ್ರೆಡಿಟ್ ಗಳಿಸಿರಬೇಕು, ಜೊತೆಗೆ ಮೊದಲ ವರ್ಷದ ಬೇಸಿಗೆ ರಜೆಯಲ್ಲಿ 4 ಕ್ರೆಡಿಟ್‌ನ ಒಂದು ವೃತ್ತಿಪರ ಕೋರ್ಸ್ ಮುಗಿಸಿರಬೇಕು. ಎರಡು ವರ್ಷಕ್ಕೆ ಡಿಪ್ಲೊಮಾ ಬೇಕೆಂದರೆ 80 ಕ್ರೆಡಿಟ್, ಅದರ ಮೇಲೆ ಇದೇ 4. ಒಂದು ಪೇಪರ್ ಬಾಕಿ ಇದ್ದರೂ 40 ತುಂಬುವುದಿಲ್ಲ. ಬೇಸಿಗೆಯ ಕೋರ್ಸ್ ಮಾಡದಿದ್ದರೆ 40 ತುಂಬಿದ್ದರೂ ಸರ್ಟಿಫಿಕೇಟ್ ಇಲ್ಲ. ಟಿಸಿ ತೆಗೆದುಕೊಂಡು ಹೋದವರೆಲ್ಲ ಈ ಅರ್ಥದಲ್ಲಿ ‘ನಿರ್ಗಮನ’ ಆದವರಲ್ಲ, ಓದು ಬಿಟ್ಟವರು ಅಷ್ಟೆ. ಬಿಡುವ ಮೊದಲು ನಿರ್ಗಮನದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ಹೀಗೆ ಸರಿಯಾಗಿ ಹೊರಬಿದ್ದವರು ಮೂರು ವರ್ಷದೊಳಗೆ ಮರಳಿ ಸೇರಬಹುದು. ಮೊದಲು ಸೇರಿದಾಗಿನಿಂದ ಒಟ್ಟಾರೆ ಏಳು ವರ್ಷದೊಳಗೆ ಮುಗಿಸಬೇಕು.

ಮರಳಿ ಬಂದಾಗ ಪಠ್ಯಕ್ರಮ ಬದಲಾಗಿದ್ದರೆ ಸಮಾನ ಕೋರ್ಸುಗಳ ಪಟ್ಟಿ ಬೇಕಾಗುತ್ತದೆ. ಎನ್‌ಇಪಿಯಲ್ಲಿ ಹೊರಹೋಗಿ ಎಸ್‌ಇಪಿ ಕಾಲದಲ್ಲಿ ವಾಪಸು ಬರುವವರು ಕುಲಸಚಿವರಿಗೆ ಬರೆದು ಈ ಪಟ್ಟಿ ಮೊದಲೇ ಕೇಳಬೇಕು. ತರಗತಿ ಶುರುವಾದ ಮೇಲೆ ಕೇಳಿದರೆ ಹಾಜರಾತಿ ಕೈತಪ್ಪುತ್ತದೆ. ಪ್ರತಿ ಪೇಪರ್‌ಗೂ 75% ಹಾಜರಾತಿ ಇಲ್ಲದಿದ್ದರೆ ಹಾಲ್ ಟಿಕೆಟ್ ಬರುವುದಿಲ್ಲ.

ಮಂಗಳೂರು_ವಿದ್ಯಾರ್ಥಿಮಿತ್ರ

ಎಬಿಸಿ ಖಾತೆ ಬಗ್ಗೆ ನಾನು ಬರೆಯುತ್ತೇನೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರಲ್ಲಿ ಬಂತು. ಡಿಜಿಲಾಕರ್ ಮೂಲಕ ಖಾತೆ ತೆರೆದರೆ 12 ಅಂಕಿಯ ಐಡಿ ಬರುತ್ತದೆ, ಈಗ ಅಪಾರ್ ಐಡಿ ಅನ್ನುತ್ತಾರೆ. ಖಾತೆ ತೆರೆಯುವುದು ನಿಮ್ಮ ಕೆಲಸ, ಕ್ರೆಡಿಟ್ ಹಾಕುವುದು ವಿವಿಯ ಕೆಲಸ. ಖಾತೆ ಇದ್ದ ಮಾತ್ರಕ್ಕೆ ಕ್ರೆಡಿಟ್ ಇದೆ ಅಂದುಕೊಳ್ಳಬೇಡಿ, ಲಾಗಿನ್ ಆಗಿ ಸೆಮಿಸ್ಟರ್‌ವಾರು ನೋಡಿ.

ಕ್ರೆಡಿಟ್ ಕಾಣದಿರಲು ದೊಡ್ಡ ಕಾರಣ ಹೆಸರು ಹೊಂದದಿರುವುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಇಲ್ಲವೇ ಇನಿಶಿಯಲ್ ಬಿಡಿಸಿ ಊರಿನ ಹೆಸರು, ತಂದೆಯ ಹೆಸರು ಪೂರ್ತಿ ಬರೆದಿರುತ್ತಾರೆ. ನಮ್ಮ ಕಡೆ ಹೆಸರಿಡುವ ಪದ್ಧತಿಗೆ ಈ ತಂತ್ರಾಂಶ ಹೊಂದುವುದೇ ಇಲ್ಲ. ಪರಿಹಾರ: ಎಸ್‌ಎಸ್‌ಎಲ್‌ಸಿಯಲ್ಲಿ ಇರುವ ಹಾಗೆ ಆಧಾರ್ ತಿದ್ದಿಸಿ, ರಾಜ್ಯದ ವಿವಿಗಳ ಯುಯುಸಿಎಂಎಸ್ ಪೋರ್ಟಲ್‌ನ ಪ್ರೊಫೈಲ್‌ನಲ್ಲೂ ಅದೇ ಹೆಸರಿರುವಂತೆ ನೋಡಿಕೊಂಡು, ಆಮೇಲೆ ಡಿಜಿಲಾಕರ್ ಜೋಡಿಸಿ. ಈ ಕ್ರಮ ತಲೆಕೆಳಗಾದರೆ ಎರಡು ಐಡಿ ಹುಟ್ಟಿಕೊಂಡು ಅರ್ಧ ಕ್ರೆಡಿಟ್ ಒಂದರಲ್ಲಿ, ಇನ್ನರ್ಧ ಇನ್ನೊಂದರಲ್ಲಿ ಬೀಳುತ್ತದೆ.

ಖಾತೆಯಲ್ಲಿರುವ ಕ್ರೆಡಿಟ್‌ಗೆ ಗರಿಷ್ಠ ಏಳು ವರ್ಷದ ಆಯಸ್ಸು. ಬೇರೆ ಬೇರೆ ಸಂಸ್ಥೆಗಳಲ್ಲಿ ಗಳಿಸಿದ್ದನ್ನು ಕೂಡಿಸಬಹುದು, ಆದರೆ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಪದವಿ ಕೊಡುವ ವಿವಿಯಲ್ಲೇ ಗಳಿಸಿರಬೇಕು. ಸ್ವಯಂ ಪೋರ್ಟಲ್‌ನ ಆನ್‌ಲೈನ್ ಕೋರ್ಸುಗಳಿಗೆ ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ 40%ರವರೆಗೆ ಅವಕಾಶ ಇದೆ. ಅದಕ್ಕೂ ನಿಮ್ಮ ವಿವಿ ಆ ಕೋರ್ಸನ್ನು ಮೊದಲೇ ಒಪ್ಪಿ ಪಟ್ಟಿ ಮಾಡಿರಬೇಕು. ಸೇರಿ, ಪರೀಕ್ಷೆ ಬರೆದು, ಸರ್ಟಿಫಿಕೇಟ್ ತಂದು ತೋರಿಸಿದ ಮೇಲೆ ಒಪ್ಪಿಗೆ ಕೇಳಿದರೆ ಆಗುವುದಿಲ್ಲ.

ಇಂಜಿನಿಯರಿಂಗ್_ಕಲಬುರಗಿ

ವಿಟಿಯುನವರಿಗೂ (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಇದೇ ಅನ್ವಯವಾ? ಸಿಐಇ (ಆಂತರಿಕ ಅಂಕ), ಎಸ್‌ಇಇ (ಸೆಮಿಸ್ಟರ್ ಕೊನೆಯ ಪರೀಕ್ಷೆ) ಎರಡರಲ್ಲೂ ಪಾಸ್ ಮಾರ್ಕ್ಸ್ ಬಂದರೂ ಎಫ್ ಬಂದಿದೆ ಅಂತ ನಮ್ಮ ಕಾಲೇಜಿನಲ್ಲಿ ಹಲವರು ಹೇಳುತ್ತಿದ್ದಾರೆ.

ಕ್ರೆಡಿಟ್‌ಲೆಕ್ಕ

ಇಂಜಿನಿಯರಿಂಗ್‌ಗೆ ವಿಟಿಯುನ ಸ್ವಂತ ರೆಗ್ಯುಲೇಷನ್ ಇದೆ. ನಿಮ್ಮ ಪ್ರಶ್ನೆಗೆ ಉತ್ತರ ಬರೀ ಕೂಡುವ ಲೆಕ್ಕ.

2022ರ ಸ್ಕೀಮಿನಲ್ಲಿ ಸಿಐಇ 50ಕ್ಕೆ 20 ಬೇಕು. ಎಸ್‌ಇಇ 100 ಅಂಕಕ್ಕೆ ಬರೆದು 50ಕ್ಕೆ ಇಳಿಸುತ್ತಾರೆ, ಅದರಲ್ಲಿ 18 ಬೇಕು. ಇವೆರಡರ ಮೇಲೆ ಮೂರನೇ ಷರತ್ತು: ಒಟ್ಟು 100ಕ್ಕೆ 40. ಸಿಐಇಯಲ್ಲಿ 20, ಎಸ್‌ಇಇಯಲ್ಲಿ 18 ಬಂದರೆ ಎರಡೂ ಕನಿಷ್ಠ ಮುಟ್ಟಿದಿರಿ, ಒಟ್ಟು ಮಾತ್ರ 38. ಹಾಗಾಗಿ ಎಫ್. 22 ಇದ್ದವರಿಗೆ 18 ಸಾಕು, 20 ಇದ್ದವರಿಗೆ 20 ಬೇಕು. ಇಂಟರ್ನಲ್ಸ್‌ನಲ್ಲಿ ಎರಡು ಅಂಕ ಕಡಿಮೆ ಆದರೆ ಬೋರ್ಡ್ ಪೇಪರ್‌ನಲ್ಲಿ ನಾಲ್ಕು ಅಂಕ ಹೆಚ್ಚು ಗಳಿಸಬೇಕು ಅಂತ ಅರ್ಥ, ಯಾಕೆಂದರೆ ಅಲ್ಲಿ 100ರದ್ದು ಅರ್ಧವಾಗುತ್ತದೆ.

ಸಿಐಇಯಲ್ಲೇ 20 ಬರದಿದ್ದರೆ ಎಸ್‌ಇಇಗೆ ಕೂರುವಂತಿಲ್ಲ, ಫಲಿತಾಂಶದಲ್ಲಿ ಎನ್‌ಇ (ಅರ್ಹರಲ್ಲ) ಅಂತ ಬರುತ್ತದೆ. ಇದಕ್ಕೆ ರೀವ್ಯಾಲ್ಯುಯೇಷನ್ ಹಾಕಿ ಪ್ರಯೋಜನ ಇಲ್ಲ, ಅದು ಉತ್ತರಪತ್ರಿಕೆ ಇದ್ದವರಿಗೆ ಮಾತ್ರ. ಹಾಜರಾತಿ 85% ಬೇಕು, ಸಕಾರಣ ಇದ್ದರೆ 10%ವರೆಗೆ ಮನ್ನಾ ಸಿಗುತ್ತದೆ.

ಬಿಎ, ಬಿಕಾಂನವರಿಗೂ ನಿಮಗೂ ದೊಡ್ಡ ವ್ಯತ್ಯಾಸ ಇಯರ್ ಬ್ಯಾಕ್. ನಿಮ್ಮಲ್ಲಿ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಹೋಗುವಾಗ, ಅಂದರೆ ಎರಡರಿಂದ ಮೂರು, ನಾಲ್ಕರಿಂದ ಐದು, ಆರರಿಂದ ಏಳಕ್ಕೆ ಕಾಲಿಡುವಾಗ ಉಳಿದಿರುವ ಎಫ್‌ಗಳನ್ನು ಎಣಿಸುತ್ತಾರೆ. ಮಿತಿ ಮೀರಿದ್ದರೆ ಮುಂದಿನ ವರ್ಷಕ್ಕೆ ನೋಂದಣಿ ಇಲ್ಲ. ಒಂದೇ ವರ್ಷದೊಳಗೆ, ಅಂದರೆ ಮೂರರಿಂದ ನಾಲ್ಕಕ್ಕೆ, ಈ ತಡೆ ಇಲ್ಲ. ಮಿತಿ ಸ್ಕೀಮಿನಿಂದ ಸ್ಕೀಮಿಗೆ ಬದಲಾಗಿದೆ. ನಿಮ್ಮ ಸ್ಕೀಮಿನ ರೆಗ್ಯುಲೇಷನ್‌ನಲ್ಲಿ ವರ್ಟಿಕಲ್ ಪ್ರೊಗ್ರೆಷನ್ ಅನ್ನೋ ಭಾಗ ಓದಿ. ಸೀನಿಯರ್ ಹೇಳಿದ ಸಂಖ್ಯೆ ಅವರ ಸ್ಕೀಮಿಗೆ ಸರಿ ಇರಬಹುದು, ನಿಮ್ಮದಕ್ಕಲ್ಲ.

ಸಿಜಿಪಿಎಯನ್ನು ಶೇಕಡಾಕ್ಕೆ ತಿರುಗಿಸುವ ಸೂತ್ರವೂ ಹಾಗೇ. 2018ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸುತ್ತಿದ್ದರು. 7.5 ಇದ್ದವರಿಗೆ 67.5%. ಕ್ಯಾಂಪಸ್ ಸಂದರ್ಶನದ ಅರ್ಜಿಯಲ್ಲಿ 75 ಅಂತ ಬರೆದರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ.

ಇಂಜಿನಿಯರಿಂಗ್_ಕಲಬುರಗಿ

ಈಗ ಅರ್ಥ ಆಯ್ತು. 20 ಮತ್ತು 18 ಬಂದವರದ್ದೇ ಎಲ್ಲ ಗಲಾಟೆ.

ಉಪನ್ಯಾಸಕಿ_ಹಾಸನ

ಮೂಲ ಪ್ರಶ್ನೆಗೆ ಬಂದರೆ, ನಾಲ್ಕನೇ ವರ್ಷ ಓದಬೇಕಾ? ನನ್ನ ಅಭಿಪ್ರಾಯ: ಸಂಶೋಧನೆಗೇ ಹೋಗಬೇಕೆಂಬ ಆಸೆ ಇದ್ದು, 75% ದಾಟಿದ್ದು, ಮಾರ್ಗದರ್ಶಕರು ಸಿಗುವ ವಿಭಾಗದಲ್ಲಿದ್ದರೆ ಓದಿ. ಅಮೆರಿಕದ ಎಷ್ಟೋ ವಿವಿಗಳು ಎಂಎಸ್‌ಗೆ ನಾಲ್ಕು ವರ್ಷದ ಪದವಿಗೆ ಸಮನಾದ ಓದು ಕೇಳುತ್ತವೆ, ಅಲ್ಲಿಗೆ ಹೋಗುವವರಿಗೂ ಅನುಕೂಲ. ಉಳಿದವರಿಗೆ ಎರಡು ವರ್ಷದ ಎಂಎ ಒಳ್ಳೆಯದು.

ಪರೀಕ್ಷಾಂಗ_ಮೈಸೂರು

ಮೇಡಂ, ಒಂದು ಕಡೆ ನಾನು ಒಪ್ಪುವುದಿಲ್ಲ. 65%, 70% ಇರುವವರಿಗೂ ಬರೀ ಆನರ್ಸ್‌ನಿಂದ ಲಾಭ ಇದೆ. ಒಂದು ವರ್ಷದ ಎಂಎಸ್ಸಿ ಅದೇ ವಿವಿಯಲ್ಲಿ ಇದ್ದರೆ ಅವರ ಕಾಲ ಉಳಿಯದಿದ್ದರೂ ಒಂದು ಭದ್ರತೆ ಇದೆ. 4+1ರಲ್ಲಿ ನಾಲ್ಕನೇ ವರ್ಷ ಮುಗಿಸಿ ಕೆಲಸಕ್ಕೆ ಹೋಗಬೇಕಾದರೂ ಕೈಯಲ್ಲಿ ಆನರ್ಸ್ ಪದವಿ ಇರುತ್ತದೆ. 3+2ರಲ್ಲಿ ಎಂಎ ಮೊದಲ ವರ್ಷಕ್ಕೇ ನಿಲ್ಲಿಸಿದರೆ, ನಿರ್ಗಮನದ ಅವಕಾಶ ಇರುವ ವಿವಿ ಆದರೆ ಪಿಜಿ ಡಿಪ್ಲೊಮಾ ಸಿಗುತ್ತದೆ, ಇಲ್ಲದಿದ್ದರೆ ಏನೂ ಇಲ್ಲ. ಮನೆಯ ಕಷ್ಟಕ್ಕೆ ಯಾವಾಗ ಓದು ನಿಲ್ಲಿಸಬೇಕಾಗುತ್ತದೋ ಗೊತ್ತಿಲ್ಲದ ಮಕ್ಕಳಿಗೆ ಇದು ಸಣ್ಣ ವಿಚಾರವಲ್ಲ.

ಉಪನ್ಯಾಸಕಿ_ಹಾಸನ

ಒಂದು ವರ್ಷದ ಎಂಎಸ್ಸಿ ಅದೇ ವಿವಿಯಲ್ಲಿ ಇದ್ದರೆ ಅನ್ನೋ ನಿಮ್ಮ ಷರತ್ತಿನ ಜೊತೆಗೆ ಒಪ್ಪುತ್ತೇನೆ. ಅದಿಲ್ಲದೆ ನಾಲ್ಕನೇ ವರ್ಷಕ್ಕೆ ಶುಲ್ಕ, ಹಾಸ್ಟೆಲ್ ಖರ್ಚು ಹಾಕಿಸುವುದು ಸರಿಯಲ್ಲ.

ಬಿಕಾಂ_ಹುಬ್ಬಳ್ಳಿ

ನಾಲ್ಕನೇ ವರ್ಷಕ್ಕೆ ಸೇರಿ ಮಧ್ಯದಲ್ಲಿ, ಏಳನೇ ಸೆಮಿಸ್ಟರ್ ಆದಮೇಲೆ ಬಿಟ್ಟರೆ ಮೂರು ವರ್ಷದ ಪದವಿ ಹೋಗುತ್ತದಾ?

ಪರೀಕ್ಷಾಂಗ_ಮೈಸೂರು

ಹೋಗುವುದಿಲ್ಲ. ಆರು ಸೆಮಿಸ್ಟರ್‌ನ ಎಲ್ಲ ಪೇಪರ್ ಪಾಸಾಗಿದ್ದರೆ ಮೂರು ವರ್ಷದ ಪದವಿಗೆ ನಿಮ್ಮ ಅರ್ಹತೆ ಉಳಿದೇ ಇರುತ್ತದೆ. ಆದರೆ ನಾಲ್ಕನೇ ವರ್ಷಕ್ಕೆ ಮುಂದುವರಿಯುತ್ತೇನೆ ಅಂತ ಬರೆದುಕೊಟ್ಟವರ ಹೆಸರು ಆ ವರ್ಷದ ಘಟಿಕೋತ್ಸವದ ಪಟ್ಟಿಯಲ್ಲಿ ಇರುವುದಿಲ್ಲ. ಬಿಡುವಾಗ ಕಾಲೇಜಿನ ಮೂಲಕ ಕುಲಸಚಿವರು (ಮೌಲ್ಯಮಾಪನ) ಅವರಿಗೆ ನಿರ್ಗಮನದ ಅರ್ಜಿ ಕೊಡಿ. ಜೊತೆಗೆ ಆರೂ ಸೆಮಿಸ್ಟರ್‌ನ ಮಾರ್ಕ್ಸ್ ಕಾರ್ಡ್ ಪ್ರತಿ, ಶುಲ್ಕದ ರಸೀದಿ, ಕಾಲೇಜಿನ ನೋ ಡ್ಯೂ ಇರಲಿ. ಮೊದಲು ಪ್ರಾವಿಷನಲ್ ಸರ್ಟಿಫಿಕೇಟ್ ಮತ್ತು ಕನ್ಸಾಲಿಡೇಟೆಡ್ ಮಾರ್ಕ್ಸ್ ಕಾರ್ಡ್ ತೆಗೆದುಕೊಳ್ಳಿ, ಎಂಕಾಂ ಪ್ರವೇಶಕ್ಕೆ ಅವು ಸಾಕು. ಬೇರೆ ವಿವಿಗೆ ಹೋಗುವುದಾದರೆ ಮೈಗ್ರೇಷನ್ ಸರ್ಟಿಫಿಕೇಟ್‌ಗೂ ಅದೇ ದಿನ ಅರ್ಜಿ ಹಾಕಿ. ಏಳನೇ ಸೆಮಿಸ್ಟರ್‌ನಲ್ಲಿ ಪಾಸಾದ ಪೇಪರ್‌ಗಳ ಕ್ರೆಡಿಟ್ ಎಬಿಸಿ ಖಾತೆಗೆ ಬಿದ್ದಿದೆಯೇ ಅಂತ ಟಿಸಿ ಪಡೆಯುವ ಮೊದಲೇ ನೋಡಿಕೊಳ್ಳಿ. ಟಿಸಿ ಕೊಟ್ಟ ಮೇಲೆ ಕಾಲೇಜಿನ ಲಾಗಿನ್‌ನಿಂದ ನಿಮ್ಮ ದಾಖಲೆ ತಿದ್ದಿಸುವುದು ಬಹಳ ಕಷ್ಟ.